ಶಾಲೆಯ ಸಿಮೆಂಟ್ ಶೀಟು: ತೆಗೆಯುವ ಮುನ್ನ, ತೆಗೆಯುವಾಗ, ತೆಗೆದ ಮೇಲೆ

ನಮ್ಮ ಕಡೆ ಮುಂಗಾರಿಗೆ ಮೊದಲು ಬೀಸುವ ಗಾಳಿಮಳೆಗೆ ಶಾಲೆಯ ಶೀಟು ಹಾರುವುದು ಹೊಸ ಸುದ್ದಿಯೇನಲ್ಲ. ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳ ಜಗಳೂರು, ಚಳ್ಳಕೆರೆ, ಮೊಳಕಾಲ್ಮುರು ಕಡೆ ಬಯಲು ಜಾಸ್ತಿ, ಗಾಳಿ ತಡೆಯಲು ಮರಗಳೂ ಕಮ್ಮಿ. ಗಾಳಿ ಬಿಟ್ಟರೆ ಕೋತಿ. ಒಂದು ಹಿಂಡು ಮೇಲೆ ಕುಣಿದು ಹೋದರೆ ಸಾಕು, ಶೀಟಿಗೆ ಬಿರುಕು. ಆಮೇಲೆ ನಡೆಯುವುದು ಬಹಳ ಊರುಗಳಲ್ಲಿ ಒಂದೇ ಥರ. ಇಬ್ಬರು ಹುಡುಗರು ಸುತ್ತಿಗೆ ಹಿಡಿದು ಮೇಲೆ ಹತ್ತುತ್ತಾರೆ. ಹಳೆಯದನ್ನು ಒಡೆದು ಕೆಳಗೆ ಎಸೆಯುತ್ತಾರೆ, ಹೊಸದನ್ನು ಹೊದಿಸುತ್ತಾರೆ, ಚೂರುಗಳನ್ನು ಮೈದಾನದ ಗುಂಡಿಗೆ ತುಂಬುತ್ತಾರೆ. ಮಕ್ಕಳು ಪಕ್ಕದಲ್ಲೇ ನಿಂತು ನೋಡುತ್ತಿರುತ್ತಾರೆ.

ಈ ಸಿಮೆಂಟ್ ಶೀಟಿನಲ್ಲಿ ಆಸ್ಬೆಸ್ಟಾಸ್ ಎಂಬ ಅಪಾಯಕಾರಿ ನಾರು ಇರುತ್ತದೆ. ಅದರ ದೊಡ್ಡ ಅಪಾಯ ಇರುವುದು ಈ ರಿಪೇರಿಯ ದಿನದಲ್ಲಿ. ಸುಮ್ನೆ ಮೇಲೆ ಮಲಗಿರುವ ಗಟ್ಟಿ ಶೀಟಿಗಿಂತ, ನಾವು ಒಡೆದ ಶೀಟು ಎಷ್ಟೋ ಪಾಲು ಕೆಟ್ಟದ್ದು. ಮುಖ್ಯ ಶಿಕ್ಷಕರು, ಎಸ್‌ಡಿಎಂಸಿ ಎಂಬ ಶಾಲಾಭಿವೃದ್ಧಿ ಸಮಿತಿಯವರು, ಖಾಸಗಿ ಶಾಲೆಯ ಆಡಳಿತ ಮಂಡಳಿಯವರು ಆ ದಿನವನ್ನು ಮೊದಲೇ ಯೋಚಿಸಿ ಇಟ್ಟುಕೊಳ್ಳಬೇಕು. ಅದಕ್ಕಾಗಿ ಈ ಬರಹ.

ಶೀಟಿನೊಳಗೆ ಏನಿದೆ

ನಾವು ಸಿಮೆಂಟ್ ಶೀಟು, ಎ.ಸಿ. (ಆಸ್ಬೆಸ್ಟಾಸ್ ಸಿಮೆಂಟ್) ಶೀಟು ಎನ್ನುವುದರಲ್ಲಿ ಬಹುಪಾಲು ಸಿಮೆಂಟು. ಅದಕ್ಕೆ ಬಿಗಿ ಬರಲೆಂದು ಸುಮಾರು ಹತ್ತನೇ ಒಂದು ಪಾಲು ಕ್ರೈಸೊಟೈಲ್ ಎಂಬ ಬಿಳಿ ಆಸ್ಬೆಸ್ಟಾಸ್ ನಾರು ಸೇರಿಸುತ್ತಾರೆ. ಈ ನಾರು ಕಣ್ಣಿಗೆ ಕಾಣದಷ್ಟು ಸಣ್ಣ. ದೂಳಿನಲ್ಲಿ ಎದ್ದರೆ ಉಸಿರಿನ ಜೊತೆ ಶ್ವಾಸಕೋಶದ ಆಳಕ್ಕೆ ಇಳಿಯುತ್ತದೆ, ಅಲ್ಲೇ ಉಳಿಯುತ್ತದೆ. ಶ್ವಾಸಕೋಶ ಗಟ್ಟಿಯಾಗಿ ಉಸಿರು ಕಟ್ಟುವ ಆಸ್ಬೆಸ್ಟೋಸಿಸ್, ಶ್ವಾಸಕೋಶದ ಕ್ಯಾನ್ಸರ್, ಶ್ವಾಸಕೋಶದ ಹೊರಪೊರೆಗೆ ಬರುವ ಮೀಸೋಥೀಲಿಯೋಮ ಎಂಬ ಕ್ಯಾನ್ಸರ್ ಇದರಿಂದ ಬರುತ್ತವೆ. ಎಲ್ಲ ಬಗೆಯ ಆಸ್ಬೆಸ್ಟಾಸೂ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಸ್ಪಷ್ಟವಾಗಿ ಹೇಳಿದೆ. ಕಾಯಿಲೆ ಕಾಣಿಸಿಕೊಳ್ಳಲು 20ರಿಂದ 40 ವರ್ಷ ಬೇಕಾಗಬಹುದು. ಅರವತ್ತರ ವಯಸ್ಸಿನಲ್ಲಿ ಉಸಿರಾಡಿದವರಿಗಿಂತ ಆರರ ವಯಸ್ಸಿನಲ್ಲಿ ಉಸಿರಾಡಿದ ಮಗುವಿನ ಬಗ್ಗೆ ಹೆಚ್ಚು ಯೋಚಿಸಬೇಕಾದದ್ದು ಇದಕ್ಕೇ. ಆ ಮಗುವಿಗೆ ಮುಂದೆ ಬದುಕಬೇಕಾದ ವರ್ಷಗಳು ಜಾಸ್ತಿ.

ನಮ್ಮ ದೇಶದಲ್ಲಿ ಆಸ್ಬೆಸ್ಟಾಸ್ ಗಣಿಗಾರಿಕೆ ನಿಂತಿದೆ. ಆದರೆ ನಾರನ್ನು ಹೊರದೇಶದಿಂದ ತರಿಸಿ ಶೀಟು ಮಾಡಿ ಮಾರುವುದು ನಿಂತಿಲ್ಲ. ಹಾಗಾಗಿ ‘ನಮ್ಮದು ಹೊಸ ಶೀಟು, ಅದರಲ್ಲಿ ಆಸ್ಬೆಸ್ಟಾಸ್ ಇರಲ್ಲ’ ಎಂದು ತಿಳಿಯಬೇಡಿ. ಹೋದ ವರ್ಷ ಅಂಗಡಿಯಿಂದ ತಂದದ್ದರಲ್ಲೂ ಇರಬಹುದು.

ಕಾನೂನು ಎಲ್ಲಿ ನಿಲ್ಲುತ್ತದೆ

ಆಸ್ಬೆಸ್ಟಾಸ್ ಶೀಟನ್ನು ದೇಶದಾದ್ಯಂತ ಪೂರ್ತಿ ನಿಷೇಧಿಸಿಲ್ಲ. ಹಾಗಂತ ಶಾಲೆಗೆ ಯಾವ ಹೊಣೆಯೂ ಇಲ್ಲ ಎಂದಲ್ಲ. ಹಲವು ಕಡೆಯಿಂದ ಹೊಣೆ ಬರುತ್ತದೆ.

2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿ ಮಳೆ, ಬಿಸಿಲು, ಗಾಳಿಗೆ ತಡೆಯುವ ಕಟ್ಟಡ ಬೇಕು ಎನ್ನುತ್ತದೆ. ಪ್ರತಿ ಶಿಕ್ಷಕರಿಗೆ ಒಂದು ಕೊಠಡಿ, ಗಂಡು ಹೆಣ್ಣು ಮಕ್ಕಳಿಗೆ ಬೇರೆ ಬೇರೆ ಶೌಚಾಲಯ, ಕುಡಿಯುವ ನೀರು, ಬಿಸಿಯೂಟದ ಅಡುಗೆ ಕೋಣೆ, ಅಡೆತಡೆ ಇಲ್ಲದ ದಾರಿ, ಆಟದ ಮೈದಾನ, ಕಾಂಪೌಂಡ್ ಎಲ್ಲವೂ ಅದರಲ್ಲಿವೆ.

2004ರ ಜುಲೈ 16ರಂದು ತಮಿಳುನಾಡಿನ ಕುಂಭಕೋಣಂನ ಶಾಲೆಯೊಂದರಲ್ಲಿ ಬೆಂಕಿ ಬಿದ್ದು 94 ಮಕ್ಕಳು ತೀರಿಕೊಂಡರು. ಬೆಂಕಿ ಶುರುವಾದದ್ದು ಅಡುಗೆ ಕೋಣೆಯಿಂದ, ಹಬ್ಬಿದ್ದು ಗರಿಯ ಚಪ್ಪರಕ್ಕೆ. ಆ ದುರಂತದ ನಂತರ ಹೂಡಿದ ಅವಿನಾಶ್ ಮೆಹ್ರೋತ್ರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2009ರಲ್ಲಿ ತೀರ್ಪು ಕೊಟ್ಟಿತು. ಶಾಲಾ ಕಟ್ಟಡ ರಾಷ್ಟ್ರೀಯ ಕಟ್ಟಡ ಸಂಹಿತೆಯಂತೆ ಸುರಕ್ಷಿತವಾಗಿರಬೇಕು, ಬೆಂಕಿ ನಂದಿಸುವ ಸಾಧನ ಇರಬೇಕು, ಅದನ್ನು ಬಳಸಲು ಸಿಬ್ಬಂದಿಗೆ ಬರಬೇಕು ಎಂಬುದು ಅದರ ಸಾರ. ಮಾನ್ಯತೆ ನವೀಕರಣಕ್ಕೆ ಹೋದಾಗ ಕಟ್ಟಡ ಸುರಕ್ಷತೆಯ ಪ್ರಮಾಣಪತ್ರ, ಅಗ್ನಿ ಸುರಕ್ಷತೆಯ ಪತ್ರ ಕೇಳುವುದರ ಹಿಂದೆ ಇಂಥ ಸಾವುಗಳಿವೆ. ಅದು ಬರೀ ಕಿರಿಕಿರಿ ಅಲ್ಲ.

ತೆಗೆದ ಶೀಟಿನ ವಿಷಯಕ್ಕೆ ಬಂದರೆ, 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಮೊದಲ ಅನುಸೂಚಿಯಲ್ಲಿ ‘ಬಿಸಾಡಿದ ಆಸ್ಬೆಸ್ಟಾಸ್’ ಎಂಬ ನಮೂದಿದೆ. ಅದು ತಯಾರಿಕೆಯ ತಲೆಬರಹದ ಕೆಳಗೆ ಬರುತ್ತದೆ, ಶಾಲೆಗೆ ಸಂಬಂಧವಿಲ್ಲ ಎಂದು ಯಾರಾದರೂ ವಾದ ಮಾಡಬಹುದು. ವಾದಕ್ಕೆ ಇಳಿಯಬೇಡಿ. ಮಾಲಿನ್ಯ ನಿಯಂತ್ರಣ ಮಂಡಳಿಯಿಂದ ಬರಹದಲ್ಲಿ ಉತ್ತರ ಪಡೆಯಿರಿ. ಹೇಗೆ ಎಂದು ಮುಂದೆ ಹೇಳುತ್ತೇನೆ.

ಹಂತ 1: ಶಾಲೆ ಸುತ್ತಿ ಪಟ್ಟಿ ಮಾಡಿ

ಒಂದು ನೋಟ್‌ಬುಕ್, ಮೊಬೈಲ್ ಕ್ಯಾಮೆರಾ ಸಾಕು. ತರಗತಿಯ ಮಾಡಿನಿಂದ ಶುರು ಮಾಡಿ, ಆದರೆ ಅಲ್ಲಿಗೇ ನಿಲ್ಲಿಸಬೇಡಿ. ಅಡುಗೆ ಕೋಣೆ, ಶೌಚಾಲಯ, ಸೈಕಲ್ ಸ್ಟ್ಯಾಂಡ್, ಹಳೆ ಸ್ಟೋರ್ ರೂಮ್, ಬಯಲು ರಂಗಮಂದಿರದ ಮಾಡು ನೋಡಿ. ಮಳೆನೀರು ಇಳಿಯುವ ಬೂದು ಬಣ್ಣದ ದಪ್ಪ ಪೈಪು, ಹಳೆ ಸಿಮೆಂಟ್ ನೀರಿನ ತೊಟ್ಟಿ, ಫಾಲ್ಸ್ ಸೀಲಿಂಗಿನ ಚಪ್ಪಟೆ ಶೀಟು ಇವುಗಳಲ್ಲೂ ಇರಬಹುದು.

ಹೈಸ್ಕೂಲ್ ಆದರೆ ವಿಜ್ಞಾನದ ಲ್ಯಾಬಿನ ಕಪಾಟು ತೆಗೆಯಿರಿ. ಬರ್ನರ್ ಮೇಲೆ ಇಡುವ ತಂತಿ ಜಾಲರಿಯ ನಡುವೆ ಬಿಳಿ ದುಂಡು ಇರುತ್ತದಲ್ಲ, ಹಳೆಯ ಜಾಲರಿಗಳಲ್ಲಿ ಅದು ಆಸ್ಬೆಸ್ಟಾಸ್. ಉದುರುತ್ತಿರುವ ಜಾಲರಿಯನ್ನು ಮಕ್ಕಳು ಬೆರಳಿನಿಂದ ಕೆರೆಯುವುದುಂಟು. ಅದನ್ನು ಇವತ್ತೇ ಎರಡು ಪ್ಲಾಸ್ಟಿಕ್ ಕವರಿಗೆ ಹಾಕಿ, ಟೇಪ್ ಸುತ್ತಿ, ಹೆಸರು ಬರೆದು ಬೀಗ ಹಾಕಿ ಇಡಿ. ಬದಲಿಗೆ ಸೆರಾಮಿಕ್ ಜಾಲರಿ ಸಿಗುತ್ತದೆ, ಬೆಲೆಯೂ ಹೆಚ್ಚಲ್ಲ.

ಶೀಟಿನ ಮೇಲೆ ಐ.ಎಸ್. 459 ಎಂಬ ಗುರುತು ಇದ್ದರೆ ಅದು ಆಸ್ಬೆಸ್ಟಾಸ್ ಸಿಮೆಂಟ್ ಶೀಟಿನದೇ ಮಾನಕ. ಅನುಮಾನವೇ ಬೇಡ. ಗುರುತು ಅಳಿಸಿದ್ದರೆ ಇದೆ ಎಂದೇ ತಿಳಿದು ನಡೆಯಿರಿ. ಖಚಿತ ಬೇಕೆಂದರೆ ಎನ್‌ಎಬಿಎಲ್ (ಲ್ಯಾಬುಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆಯ ಲ್ಯಾಬಿಗೆ ಮಾದರಿ ಕಳಿಸಬಹುದು. ಮಾದರಿಗೆಂದು ಗಟ್ಟಿ ಶೀಟು ಒಡೆಯಬೇಡಿ. ಮೊದಲೇ ಮುರಿದ ಅಂಚಿನ ಚೂರನ್ನು ನೀರಲ್ಲಿ ನೆನೆಸಿ, ಗ್ಲೌಸ್ ಹಾಕಿ ತೆಗೆದು, ಎರಡು ಜಿಪ್ ಕವರಿನಲ್ಲಿ ಇಡಿ.

ಪಟ್ಟಿಯಲ್ಲಿ ಜಾಗ, ಅಂದಾಜು ವಿಸ್ತೀರ್ಣ, ಸ್ಥಿತಿ, ಫೋಟೋ ಇರಲಿ. ಸ್ಥಿತಿಗೆ ಮೂರೇ ಮಾತು ಸಾಕು: ಗಟ್ಟಿ, ಬಿರುಕು, ಉದುರುತ್ತಿದೆ.

ಹಂತ 2: ಬಿಡಬೇಕೋ, ತೆಗೆಯಬೇಕೋ

ಗಟ್ಟಿಯಾಗಿದ್ದು, ಮಕ್ಕಳ ಕೈಗೆ ಸಿಗದಷ್ಟು ಎತ್ತರದಲ್ಲಿದ್ದರೆ ಅವಸರ ಬೇಡ. ವರ್ಷಕ್ಕೊಮ್ಮೆ ನೋಡಿ, ಬರೆದಿಡಿ. ಆದರೆ ಅದಕ್ಕೆ ಡ್ರಿಲ್ ಹಾಕುವಂತಿಲ್ಲ. ಪಾಚಿ ಕಟ್ಟಿದೆ ಎಂದು ತಂತಿ ಬ್ರಷ್‌ನಲ್ಲಿ ಉಜ್ಜುವಂತಿಲ್ಲ. ಪ್ರೆಷರ್ ಪಂಪಿನಲ್ಲಿ ತೊಳೆಯುವಂತಿಲ್ಲ. ಫ್ಯಾನ್ ಕೊಂಡಿ, ಸಿಸಿ ಕ್ಯಾಮೆರಾ, ಸೋಲಾರ್ ಪ್ಯಾನೆಲ್ ಏನೇ ಕೂರಿಸುವುದಿದ್ದರೂ ಶೀಟಿಗೆ ತೂತು ಬೇಡ, ಗೋಡೆಗೋ, ಶೀಟನ್ನು ಹೊತ್ತಿರುವ ಪರ್ಲಿನ್ ಎಂಬ ಕಬ್ಬಿಣದ ಅಡ್ಡಪಟ್ಟಿಗೋ ಕಟ್ಟಿ.

ಉದುರುತ್ತಿದ್ದರೆ, ಮೇಲಿಂದ ಮೇಲೆ ಕೋತಿ ಒಡೆಯುತ್ತಿದ್ದರೆ, ಅಂಚು ಪುಡಿಯಾಗಿ ಕೆಳಗೆ ಬೀಳುತ್ತಿದ್ದರೆ ತೆಗೆಯಲೇಬೇಕು. ಅಡುಗೆ ಕೋಣೆಯದ್ದನ್ನು ಮೊದಲು ತೆಗೆಯಿರಿ ಎಂಬುದು ನನ್ನ ಅಭಿಪ್ರಾಯ. ಅಲ್ಲಿ ಹೊಗೆ, ಬಿಸಿ, ಹಬೆ ಎಲ್ಲ ಸೇರಿ ಶೀಟು ಬೇಗ ಹಾಳಾಗುತ್ತದೆ. ಕೆಳಗೆ ಬಾಯ್ದೆರೆದ ಪಾತ್ರೆ ಇರುತ್ತದೆ. ಅಡುಗೆಯವರು ದಿನದ ಅರ್ಧ ಹೊತ್ತು ಅಲ್ಲೇ ಇರುತ್ತಾರೆ.

ಹಂತ 3: ಯಾರಿಗೆ ಬರೆಯಬೇಕು

ಸರ್ಕಾರಿ ಶಾಲೆಯಾದರೆ ಎಸ್‌ಡಿಎಂಸಿ ಸಭೆಯಲ್ಲಿ ಠರಾವು ಮಾಡಿ, ಪಟ್ಟಿ ಮತ್ತು ಫೋಟೋ ಲಗತ್ತಿಸಿ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಕೊಡಿ. ಸಹಿ ಹಾಕಿದ ಪ್ರತಿ ಇಟ್ಟುಕೊಳ್ಳಿ. ಪಂಚಾಯತ್ ರಾಜ್ ಎಂಜಿನಿಯರಿಂಗ್ ವಿಭಾಗದ ಅಥವಾ ಲೋಕೋಪಯೋಗಿ ಇಲಾಖೆಯ ಎಂಜಿನಿಯರ್ ಬಂದು ನೋಡಿ, ಎಸ್ಟಿಮೇಟ್ ಮಾಡಬೇಕು. ಗೋಡೆಯೂ ಬಿದ್ದುಹೋಗುವಂತಿದ್ದು ಕಟ್ಟಡವನ್ನೇ ಕೆಡವಬೇಕಾದರೆ, ವಾಸಯೋಗ್ಯವಲ್ಲ ಎಂಬ ಎಂಜಿನಿಯರ್ ವರದಿ ಮತ್ತು ಇಲಾಖೆಯ ಅನುಮತಿ ಬರುವವರೆಗೆ ಒಂದು ಕಲ್ಲೂ ಮುಟ್ಟಬೇಡಿ. ಅಲ್ಲಿಯವರೆಗೆ ಆ ಕೊಠಡಿಗೆ ಬೀಗ ಹಾಕಿ.

ಖಾಸಗಿ ಶಾಲೆಗೆ ದಾವಣಗೆರೆಯಲ್ಲಿ ಮಹಾನಗರ ಪಾಲಿಕೆ, ಚಿತ್ರದುರ್ಗದಲ್ಲಿ ನಗರಸಭೆ, ಹಳ್ಳಿಯಲ್ಲಿ ಗ್ರಾಮ ಪಂಚಾಯಿತಿ. ಬರೀ ಮಾಡು ಬದಲಿಸುತ್ತಿದ್ದೀರೋ, ಕಟ್ಟಡದ ಆಕಾರವೇ ಬದಲಾಗುತ್ತದೋ ಎಂದು ಮೊದಲು ಕೇಳಿ ತಿಳಿಯಿರಿ. ಮಂಜೂರಾದ ನಕ್ಷೆ ಕೈಯಲ್ಲಿರಲಿ. ಪೇಟೆಯ ಶಾಲೆಗಳಲ್ಲಿ ನಾನು ಹೆಚ್ಚು ನೋಡುವ ತಪ್ಪು ಒಂದಿದೆ. ತಾರಸಿಯ ಮೇಲೆ ಕಂಬ ನಿಲ್ಲಿಸಿ, ಶೀಟು ಹೊದಿಸಿ, ಅಲ್ಲೇ ತರಗತಿ ನಡೆಸುವುದು. ಅದು ನಕ್ಷೆಯಲ್ಲಿ ಇರುವುದಿಲ್ಲ. ಇಳಿಯಲು ಒಂದೇ ಮೆಟ್ಟಿಲು. ಬೇಸಿಗೆಯಲ್ಲಿ ಒಳಗೆ ಕೂರಲಾಗದ ಸೆಕೆ. ಮಕ್ಕಳನ್ನು ಅಲ್ಲಿಂದ ಕೆಳಗಿಳಿಸಿ, ಉಳಿದದ್ದು ಆಮೇಲೆ.

ಎಸ್ಟಿಮೇಟಿನಲ್ಲಿ ಮರೆಯದೆ ಸೇರಿಸಬೇಕಾದ ಮಾತೊಂದಿದೆ. ಬರೀ ‘ಹಳೆ ಶೀಟು ತೆಗೆಯುವುದು’ ಎಂದು ಬರೆದರೆ ಗುತ್ತಿಗೆದಾರರು ಸುತ್ತಿಗೆಯಲ್ಲೇ ತೆಗೆಯುತ್ತಾರೆ. ಹೀಗೆ ಬರೆಸಿ: ‘ಆಸ್ಬೆಸ್ಟಾಸ್ ಸಿಮೆಂಟ್ ಶೀಟುಗಳನ್ನು ನೀರು ಸಿಂಪಡಿಸಿ, ಒಡೆಯದೆ, ಇಡಿಯಾಗಿ ಕೆಳಗಿಳಿಸಿ, ಎರಡು ಸುತ್ತು ಪಾಲಿಥೀನ್ ಹಾಳೆಯಲ್ಲಿ ಕಟ್ಟಿ, ಮಾಲಿನ್ಯ ನಿಯಂತ್ರಣ ಮಂಡಳಿ ತಿಳಿಸಿದಂತೆ ಸಾಗಿಸುವುದು, ಕೆಲಸಗಾರರ ಮಾಸ್ಕ್, ಉಡುಪು, ಸೇಫ್ಟಿ ಬೆಲ್ಟಿನ ಖರ್ಚು ಸೇರಿ.’ ಈ ಸಾಲು ಇದ್ದರೆ ದುಡ್ಡು ಕೇಳಲು ದಾರಿ ಇರುತ್ತದೆ, ಇಲ್ಲದಿದ್ದರೆ ಇರುವುದಿಲ್ಲ.

ಹಂತ 4: ತೆಗೆಯುವ ದಿನ

ರಜೆಯಲ್ಲೇ ಮಾಡಿ. ದಸರಾ ರಜೆ ಆಗಬಹುದು, ಬೇಸಿಗೆ ರಜೆಯ ಮೊದಲ ವಾರಗಳು ಆಗಬಹುದು. ಶನಿವಾರ ಮಧ್ಯಾಹ್ನ ಮಕ್ಕಳನ್ನು ಕಳಿಸಿ ಭಾನುವಾರ ಮುಗಿಸುತ್ತೇವೆ ಎನ್ನುವವರನ್ನು ಒಪ್ಪಬೇಡಿ. ಸ್ವಚ್ಛ ಮಾಡಲು ಹೊತ್ತು ಉಳಿಯುವುದಿಲ್ಲ. ಗಾಳಿ ಜೋರಿರುವ ಹೊತ್ತು ಬೇಡ. ಬೆಳಗ್ಗೆ ಬೇಗ ಶುರು ಮಾಡುವುದು ಒಳ್ಳೆಯದು.

ಹಿಂದಿನ ದಿನ ಕೊಠಡಿಯಿಂದ ಬೆಂಚು, ನಲಿಕಲಿ ಸಾಮಗ್ರಿ, ದಾಖಲೆ, ಅಡುಗೆ ಕೋಣೆಯಿಂದ ಅಕ್ಕಿ, ಬೇಳೆ, ಪಾತ್ರೆ ಎಲ್ಲ ಹೊರಗೆ ಸಾಗಲಿ. ನೆಲಕ್ಕೆ ದಪ್ಪ ಪಾಲಿಥೀನ್ ಹಾಸಿ. ಸಂಪು, ಮೇಲಿನ ಟ್ಯಾಂಕಿನ ಮುಚ್ಚಳ ಬಿಗಿಯಾಗಿರಲಿ. ನಮ್ಮ ಸೀಮೆಯಲ್ಲಿ ಮಳೆನೀರು ಹಿಡಿಯುವ ಶಾಲೆಗಳು ಸುಮಾರಿವೆ. ಅಂಥ ಕಡೆ ಮಾಡಿನಿಂದ ತೊಟ್ಟಿಗೆ ಬರುವ ಪೈಪನ್ನು ಮೊದಲೇ ಬಿಡಿಸಿ, ಇಲ್ಲದಿದ್ದರೆ ಸಿಂಪಡಿಸಿದ ನೀರು ನಾರಿನ ಜೊತೆ ಸೀದಾ ತೊಟ್ಟಿಗೆ ಹೋಗುತ್ತದೆ. ಸುತ್ತ ಹಗ್ಗ ಕಟ್ಟಿ, ‘ಒಳಗೆ ಬರಬೇಡಿ, ಆಸ್ಬೆಸ್ಟಾಸ್ ಕೆಲಸ ನಡೆದಿದೆ’ ಎಂದು ದೊಡ್ಡದಾಗಿ ಬರೆದು ತೂಗುಹಾಕಿ. ರಜೆಯಲ್ಲೂ ಹುಡುಗರು ಮೈದಾನಕ್ಕೆ ಕ್ರಿಕೆಟ್ ಆಡಲು ಬರುತ್ತಾರೆ, ಒಬ್ಬರನ್ನು ಕಾವಲಿಗೆ ನಿಲ್ಲಿಸಿ.

ಕೆಲಸಗಾರರ ಮೂಗಿಗೆ ಟವೆಲ್ ಕಟ್ಟಿದರೆ ಏನೂ ಪ್ರಯೋಜನವಿಲ್ಲ. ಸರ್ಜಿಕಲ್ ಮಾಸ್ಕೂ ಸಾಲದು. ಅತಿ ಸಣ್ಣ ದೂಳನ್ನೂ ತಡೆಯುವ ಎಫ್‌ಎಫ್‌ಪಿ3 ದರ್ಜೆಯ ಮಾಸ್ಕ್, ಮುಖಕ್ಕೆ ಬಿಗಿಯಾಗಿ ಕೂರುವಂತೆ ಹಾಕಬೇಕು. ಗಡ್ಡ ಇದ್ದರೆ ಅದು ಸರಿಯಾಗಿ ಕೂರುವುದಿಲ್ಲ. ಮೈಗೆ ಒಂದೇ ಸಲ ಬಳಸಿ ಬಿಸಾಡುವ ಉಡುಪು. ಇದು ಯಾಕೆ ಮುಖ್ಯ ಎಂದರೆ, ದೂಳಿನ ಬಟ್ಟೆಯನ್ನು ಮನೆಗೆ ಒಯ್ದರೆ ಅದನ್ನು ಒಗೆಯುವ ಹೆಂಡತಿ, ತಾಯಿ ಆ ದೂಳು ಕುಡಿಯುತ್ತಾರೆ. ಹೀಗೆ ಬಟ್ಟೆಯಿಂದಲೇ ಕಾಯಿಲೆ ಬಂದ ಕುಟುಂಬಗಳಿವೆ.

ಶೀಟಿನ ಮೇಲೆ ಕಾಲಿಡಲೇಬಾರದು. ಆಸ್ಬೆಸ್ಟಾಸ್ ಕಾಯಿಲೆಗೆ ದಶಕಗಳು ಬೇಕು, ಶೀಟು ಮುರಿದು ಕೆಳಗೆ ಬಿದ್ದರೆ ಅದೇ ಕ್ಷಣ ಜೀವ ಹೋಗಬಹುದು. ಕೆಳಗಿನಿಂದ ಸಾರುವೆ ಕಟ್ಟಿ ಕೆಲಸ ಮಾಡುವುದು ಒಳ್ಳೆಯದು. ಮೇಲೆ ಹೋಗಲೇಬೇಕಾದರೆ ಪರ್ಲಿನ್‌ಗಳ ಮೇಲೆ ಭಾರ ಬೀಳುವಂತೆ ಅಗಲ ಹಲಗೆ ಹಾಕಿ, ಬೆಲ್ಟ್ ಕಟ್ಟಿಕೊಳ್ಳಿ.

ಈಗ ನೀರು. ಮೆಕ್ಕೆಜೋಳಕ್ಕೆ, ಅಡಿಕೆಗೆ ಔಷಧಿ ಹೊಡೆಯುವ ಬೆನ್ನಿನ ಪಂಪು ಇದಕ್ಕೆ ಸರಿಯಾದ ಸಾಧನ. ಆದರೆ ಔಷಧಿ ಹೊಡೆದದ್ದು ಬೇಡ, ಹೊಸದೇ ತನ್ನಿ. ನೀರಿಗೆ ಸ್ವಲ್ಪ ಪಾತ್ರೆ ತೊಳೆಯುವ ಸೋಪಿನ ದ್ರವ ಬೆರೆಸಿದರೆ ಶೀಟು ನೀರನ್ನು ಚೆನ್ನಾಗಿ ಹೀರುತ್ತದೆ. ಮಂಜಿನ ಹಾಗೆ ಸಿಂಪಡಿಸಿ, ಎರಡೂ ಬದಿಗೆ. ಬೋಲ್ಟಿನ ಸುತ್ತ ಹೆಚ್ಚು. ಹರಿಯುವಷ್ಟು ಸುರಿದರೆ ಜಾರುತ್ತದೆ.

ಶೀಟನ್ನು ಪರ್ಲಿನ್‌ಗೆ ಬಿಗಿಯುವ ಕೊಕ್ಕೆಯಾಕಾರದ ಜೆ ಬೋಲ್ಟ್ ತುಕ್ಕು ಹಿಡಿದಿದ್ದರೆ ಸ್ಪ್ಯಾನರಿಗೆ ಬಗ್ಗುವುದಿಲ್ಲ. ಆಗ ಕಟಿಂಗ್ ಮೆಷಿನ್ ತರುತ್ತಾರೆ. ಅದಕ್ಕೆ ಅವಕಾಶ ಕೊಡಬೇಡಿ. ಚಕ್ರ ಶೀಟಿಗೆ ತಾಗಿದರೆ ಒಂದೇ ನಿಮಿಷದಲ್ಲಿ ಮೋಡದಷ್ಟು ದೂಳು ಏಳುತ್ತದೆ. ಉದ್ದ ಹಿಡಿಯ ಬೋಲ್ಟ್ ಕಟರಿನಲ್ಲಿ ಕತ್ತರಿಸಿ, ಆಗದಿದ್ದರೆ ಒಳಗಿನಿಂದ ಕೊಕ್ಕೆಯ ಕಡೆ ಕತ್ತರಿಸಿ. 6 ಮಿ.ಮೀ. ದಪ್ಪದ, 3 ಮೀಟರ್ ಉದ್ದದ ಶೀಟು 40 ಕಿಲೋ ಹತ್ತಿರ ತೂಗುತ್ತದೆ. ಇಬ್ಬರು ಮೇಲೆ, ಇಬ್ಬರು ಕೆಳಗೆ ನಿಂತು ಹಗ್ಗದಲ್ಲಿ ನಿಧಾನಕ್ಕೆ ಇಳಿಸಬೇಕು. ಎಸೆಯುವಂತಿಲ್ಲ, ಎಳೆಯುವಂತಿಲ್ಲ, ಟ್ರ್ಯಾಕ್ಟರಿಗೆ ಹಿಡಿಸಲೆಂದು ತುಂಡು ಮಾಡುವಂತಿಲ್ಲ.

ಕೆಳಗೆ ಬಂದ ಶೀಟುಗಳನ್ನು ಮರದ ತುಂಡುಗಳ ಮೇಲೆ ಒಂದರ ಮೇಲೊಂದು ಇಟ್ಟು, 1000 ಗೇಜ್ ಅಂದರೆ 250 ಮೈಕ್ರಾನ್ ದಪ್ಪದ ಪಾಲಿಥೀನ್‌ನಿಂದ ಎರಡು ಸುತ್ತು ಕಟ್ಟಿ ಟೇಪ್ ಹಾಕಿ. ಚೂರುಗಳಿಗೆ ಬೇರೆ ಚೀಲ. ಮೇಲೆ ‘ಅಪಾಯ, ಆಸ್ಬೆಸ್ಟಾಸ್ ಇದೆ, ಒಡೆಯಬೇಡಿ’ ಎಂದು ಬರೆಯಿರಿ.

ಸಂಜೆಯ ಕೆಲಸ ಪೊರಕೆಯದ್ದಲ್ಲ. ಒಣ ನೆಲ ಗುಡಿಸಿದರೆ ಇಡೀ ದಿನದ ಎಚ್ಚರ ನೀರುಪಾಲು. ಪರ್ಲಿನ್, ಕಿಟಕಿಯ ಅಂಚು, ಗೋಡೆಯ ಮೇಲ್ತುದಿ ಎಲ್ಲವನ್ನೂ ಒದ್ದೆ ಬಟ್ಟೆಯಿಂದ ಒರೆಸಿ, ಬಟ್ಟೆಯನ್ನೂ ಚೀಲಕ್ಕೆ ಹಾಕಿ. ನೆಲದ ಪಾಲಿಥೀನನ್ನು ಒಳಮುಖವಾಗಿ ಮಡಚಿ ಸುತ್ತಿ. ಅಂಗಳದ ಮಣ್ಣಿನಲ್ಲಿ ಬಿದ್ದ ಚೂರನ್ನು ಗ್ಲೌಸ್ ಹಾಕಿ ಕೈಯಲ್ಲೇ ಆರಿಸಿ. ಉಡುಪನ್ನು ಒದ್ದೆ ಮಾಡಿ ಬಿಚ್ಚಬೇಕು. ಮಾಸ್ಕ್ ಎಲ್ಲಕ್ಕಿಂತ ಕೊನೆಗೆ.

ಹಂತ 5: ಹಳೆ ಶೀಟು ಎಲ್ಲಿಗೆ

ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿ ದಾವಣಗೆರೆಯಲ್ಲೂ ಇದೆ, ಚಿತ್ರದುರ್ಗದಲ್ಲೂ ಇದೆ. ಕೆಲಸಕ್ಕೆ ಒಂದೆರಡು ತಿಂಗಳು ಮುಂಚೆಯೇ ಅಲ್ಲಿನ ಪರಿಸರ ಅಧಿಕಾರಿಗೆ ಪತ್ರ ಕೊಡಿ. ಎಷ್ಟು ಶೀಟು, ಅಂದಾಜು ಎಷ್ಟು ತೂಕ, ಎಂದು ತೆಗೆಯುತ್ತೀರಿ, ಯಾವ ವಿಲೇವಾರಿ ಘಟಕಕ್ಕೆ ಕಳಿಸಬೇಕು ಎಂದು ಕೇಳಿ. ಅಪಾಯಕಾರಿ ತ್ಯಾಜ್ಯ ಹೂಳುವ ವ್ಯವಸ್ಥೆ ನೆಲಮಂಗಲ ತಾಲ್ಲೂಕಿನ ದಾಬಸ್‌ಪೇಟೆಯಲ್ಲಿದೆ. ಸಾಗಿಸುವ ವಾಹನಕ್ಕೆ ನಿಯಮದ ನಮೂನೆ 10ರ ಮ್ಯಾನಿಫೆಸ್ಟ್ ಎಂಬ ಚೀಟಿ ಬೇಕು. ಅದರ ಪ್ರತಿ ಶಾಲೆಗೆ ವಾಪಸ್ ಬರಬೇಕು. ಇಂಥ ತ್ಯಾಜ್ಯವನ್ನು ಇಟ್ಟುಕೊಳ್ಳಲು ನಿಯಮ ಕೊಡುವ ಗಡುವು 90 ದಿನ. ಒಂದೊಂದು ಶಾಲೆಗೂ ಬೇರೆ ಲಾರಿ ದುಬಾರಿ. ಒಂದು ತಾಲ್ಲೂಕಿನ ನಾಲ್ಕೈದು ಶಾಲೆಗಳು ಒಂದೇ ರಜೆಯಲ್ಲಿ ಕೆಲಸ ಇಟ್ಟುಕೊಂಡರೆ ಬಾಡಿಗೆ ಹಂಚಿಹೋಗುತ್ತದೆ. ಬಿಇಒ ಮನಸ್ಸು ಮಾಡಿದರೆ ಇದು ಆಗುವ ಕೆಲಸ.

ಹರಾಜು ಮಾತ್ರ ಬೇಡ. ಹಳೆ ಮರ, ಕಬ್ಬಿಣ ಹರಾಜಿಗೆ ಹೋಗಲಿ. ಶೀಟು ಹರಾಜಿಗೆ ಹೋದರೆ ದನದ ಕೊಟ್ಟಿಗೆಗೋ, ಬಚ್ಚಲಿಗೋ, ಹಿತ್ತಲ ಗೋಡೆಗೋ ಹೋಗುತ್ತದೆ. ಅಲ್ಲಿ ಅದನ್ನು ಕತ್ತರಿಸಿಯೇ ಕೂರಿಸುತ್ತಾರೆ. ಶಾಲೆಯ ದೂಳು ಊರಿನ ಮನೆಗೆ ಹೋದಂತಾಯಿತು, ಅಲ್ವಾ? ಯಾರಾದರೂ ಬಡವರು ಬಂದು ಕೇಳಿದಾಗ ಇಲ್ಲ ಎನ್ನುವುದು ಕಷ್ಟ. ಕೂರಿಸಿ ಕಾರಣ ಹೇಳಿ.

ಹಂತ 6: ಹೊಸ ಮಾಡು

ದುಡ್ಡು ಇದ್ದರೆ ಆರ್‌ಸಿಸಿ. ಇಲ್ಲದಿದ್ದರೆ ಬಣ್ಣದ ತಗಡಿನ ಶೀಟು, ಆದರೆ ಬರೀ ತಗಡು ಬೇಡ. ಚಳ್ಳಕೆರೆಯ ಏಪ್ರಿಲ್‌ನಲ್ಲಿ ಅದರ ಕೆಳಗೆ ಮಕ್ಕಳು ಬೆಂದುಹೋಗುತ್ತಾರೆ, ಮಳೆ ಬಂದರೆ ಪಾಠ ಕೇಳಿಸುವುದಿಲ್ಲ. ನಡುವೆ ಶಾಖ ತಡೆಯುವ ಪದರ ಇರುವ ಪಫ್ ಪ್ಯಾನೆಲ್ ಈ ಎರಡನ್ನೂ ತಗ್ಗಿಸುತ್ತದೆ. ಆದರೆ ಪಫ್ ಫೋಮಿಗೆ ಬೆಂಕಿ ಹಿಡಿಯಬಹುದು, ಅಡುಗೆ ಕೋಣೆಗೆ ಅದು ಬೇಡ. ಮಂಗಳೂರು ಹೆಂಚು ತಂಪು, ಆದರೆ ಕೋತಿ ಇರುವ ಕಡೆ ನಿಲ್ಲುವುದಿಲ್ಲ. ಗಾಳಿಗೆ ಹಾರದಂತೆ ಟ್ರಸ್ (ಮಾಡನ್ನು ಹೊರುವ ಚೌಕಟ್ಟು) ಗೋಡೆಗೆ ಹೇಗೆ ಬಿಗಿಯಬೇಕು ಎಂದು ಎಂಜಿನಿಯರ್ ಕೈಯಲ್ಲಿ ಬರೆಸಿಕೊಳ್ಳಿ. ಮೇಲೆ ಕಲ್ಲು, ಮರಳಿನ ಮೂಟೆ ಹೇರುವುದು ಬಿಗಿ ಮಾಡಿದಂತಲ್ಲ. ಗಾಳಿಗೆ ಮೊದಲು ಬೀಳುವುದು ಅದೇ ಕಲ್ಲು.

‘ಫೈಬರ್ ಸಿಮೆಂಟ್’ ಎಂಬ ಹೆಸರು ನೋಡಿ ಮೋಸ ಹೋಗಬೇಡಿ. ಆಸ್ಬೆಸ್ಟಾಸೂ ಒಂದು ಫೈಬರೇ. ಬಿಲ್ಲಿನಲ್ಲಿ ‘ಆಸ್ಬೆಸ್ಟಾಸ್ ಇಲ್ಲ’ ಎಂದು ಬರೆಸಿ, ಕಂಪನಿಯ ಪರೀಕ್ಷಾ ವರದಿ ಕೇಳಿ.

ಹಂತ 7: ಮಾಡಿನ ಕೆಳಗಿನದ್ದನ್ನೂ ನೋಡಿಬಿಡಿ

ಎಂಜಿನಿಯರ್ ಬಂದಾಗಲೇ ಉಳಿದದ್ದನ್ನು ತೋರಿಸಿ. ಕಟ್ಟಡ ಸಂಹಿತೆಯ ಪ್ರಕಾರ ಶಾಲೆಯ ಮೆಟ್ಟಿಲು ಕನಿಷ್ಠ 1.5 ಮೀಟರ್ ಅಗಲ ಇರಬೇಕು, ಹೊರದಾರಿಯ ಬಾಗಿಲು ಹೊರಕ್ಕೆ ತೆರೆಯಬೇಕು. ಮೆಟ್ಟಿಲ ಕೆಳಗೆ ಹಳೆ ಬೆಂಚು ರಾಶಿ ಹಾಕಬೇಡಿ. ಅಡುಗೆ ಕೋಣೆ ತರಗತಿಗೆ ಅಂಟಿರಬಾರದು, ಸಿಲಿಂಡರ್ ಹೊರಗಿನ ಗಾಳಿಯಾಡುವ ಗೂಡಿನಲ್ಲಿರಲಿ. ಎಬಿಸಿ ಮಾದರಿಯ ಅಗ್ನಿಶಾಮಕ ಸಿಲಿಂಡರ್ ಗೋಡೆಗೆ ತೂಗಿದರೆ ಸಾಲದು, ಸೂಜಿ ಹಸಿರಿನಲ್ಲಿದೆಯೇ ಎಂದು ತಿಂಗಳಿಗೊಮ್ಮೆ ನೋಡಬೇಕು. ಹಳೆ ವೈರಿಂಗ್ ಇದ್ದರೆ ಕರೆಂಟ್ ಸೋರಿದ ಕೂಡಲೇ ಲೈನ್ ಕಡಿಯುವ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಸ್ವಿಚ್ ಹಾಕಿಸಿ. ಮಳೆಗಾಲದಲ್ಲಿ ಒದ್ದೆ ಗೋಡೆಯ ಶಾಕ್‌ನಿಂದ ಮಕ್ಕಳನ್ನು ಉಳಿಸುವುದು ಅದೇ. ಒಂದು ಬಾಗಿಲಿಗಾದರೂ ಮೆಟ್ಟಿಲಿಲ್ಲದ ರ‍್ಯಾಂಪ್, ಪಕ್ಕದಲ್ಲಿ ಹಿಡಿಕೆ ಇರಲಿ.

ಹಂತ 8: ಒಂದು ಫೈಲು

ಪಟ್ಟಿ, ಫೋಟೋ, ಠರಾವು, ಎಂಜಿನಿಯರ್ ವರದಿ, ಮಂಡಳಿಯ ಉತ್ತರ, ಮ್ಯಾನಿಫೆಸ್ಟ್ ಪ್ರತಿ, ಹೊಸ ಶೀಟಿನ ಬಿಲ್ಲು, ಸುರಕ್ಷತಾ ಪ್ರಮಾಣಪತ್ರ ಎಲ್ಲ ಒಂದೇ ಫೈಲಿನಲ್ಲಿ. ಇನ್ನೂ ಬಿಟ್ಟಿರುವ ಗಟ್ಟಿ ಶೀಟು ಯಾವ ಕೊಠಡಿಯಲ್ಲಿದೆ ಎಂದು ಮೊದಲ ಪುಟದಲ್ಲೇ ದಪ್ಪಕ್ಷರದಲ್ಲಿ ಬರೆದಿರಲಿ. ಎಲೆಕ್ಟ್ರಿಷಿಯನ್, ಗಾರೆ ಕೆಲಸದವರು, ಕೇಬಲ್‌ನವರು ಯಾರೇ ಬಂದರೂ ಡ್ರಿಲ್ ಹಿಡಿಯುವ ಮೊದಲು ಆ ಪುಟ ತೋರಿಸಿ. ಮುಖ್ಯ ಶಿಕ್ಷಕರಿಗೆ ವರ್ಗಾವಣೆಯಾದಾಗ ಚಾರ್ಜ್ ಪಟ್ಟಿಯಲ್ಲಿ ಈ ಫೈಲಿನ ಹೆಸರೂ ಇರಬೇಕು, ಹೊಸದಾಗಿ ಬಂದವರು ಅದಕ್ಕೆ ಸಹಿ ಮಾಡಬೇಕು.